ವರಮಹಾಲಕ್ಷ್ಮಿ ಹಬ್ಬಕ್ಕೆ ಎರಡು ದಿನ ಮುಂಚೆ ಬಂದ ಪ್ಯಾಪ್ ರಿಪೋರ್ಟ್

ಹೋದ ವರ್ಷ ವರಮಹಾಲಕ್ಷ್ಮಿ ಹಬ್ಬಕ್ಕೆ ಇನ್ನೂ ಎರಡು ದಿನ ಇತ್ತು. ಆಫೀಸಿಂದ ಬರ್ತಾ ಗಾಂಧಿ ಬಜಾರಲ್ಲಿ ಇಳಿದು ಹೂವಿನ ರೇಟ್ ಕೇಳ್ತಾ ನಿಂತಿದ್ದೆ, ಹಬ್ಬದ ವಾರ ಅಂದ್ರೆ ಗೊತ್ತಲ್ಲ, ಕನಕಾಂಬರ ಮುಟ್ಟೋ ಹಾಗೇ ಇರಲ್ಲ. ಆಗ ಲ್ಯಾಬಿಂದ ವಾಟ್ಸಾಪಲ್ಲಿ ಪಿಡಿಎಫ್ ಬಂತು. ಹತ್ತು ದಿನದ ಹಿಂದೆ ಆಫೀಸಿನ ಹೆಲ್ತ್ ಚೆಕಪ್ ಪ್ಯಾಕೇಜಲ್ಲಿ ಮಾಡಿಸಿದ್ದ ಪ್ಯಾಪ್ ಸ್ಮಿಯರ್, ಗರ್ಭಕೋಶದ ಬಾಯಿ ಕ್ಯಾನ್ಸರ್‌ಗೆ ಅಂತ ಮಾಡೋ ಟೆಸ್ಟ್. ಶುಗರ್, ಥೈರಾಯ್ಡ್, ಕೊಲೆಸ್ಟ್ರಾಲ್ ಎಲ್ಲ ಆಗಲೇ ಬಂದು ನಾರ್ಮಲ್ ಅಂತ ಆಗಿತ್ತು, ಇದೊಂದು ಬಾಕಿ ಇತ್ತು. ಅಲ್ಲೇ ಹೂವಿನವಳ ಮುಂದೆ ನಿಂತ್ಕೊಂಡೇ ತೆಗೆದೆ. ಮೇಲೆ ಹೆಸರು, ವಯಸ್ಸು 42, ಕೆಳಗೆ ದಪ್ಪ ಅಕ್ಷರದಲ್ಲಿ ಎಪಿಥೀಲಿಯಲ್ ಸೆಲ್ ಅಬ್‌ನಾರ್ಮಾಲಿಟಿ, ಅದರ ಕೆಳಗೆ ಲೋ ಗ್ರೇಡ್ ಸ್ಕ್ವೇಮಸ್ ಇಂಟ್ರಾಎಪಿಥೀಲಿಯಲ್ ಲೀಷನ್, ಪಕ್ಕದಲ್ಲಿ ಎಲ್‌ಎಸ್‌ಐಎಲ್. ಅಷ್ಟೇ. ಏನು ಮಾಡ್ಬೇಕು, ಯಾರನ್ನ ನೋಡ್ಬೇಕು ಅಂತ ಒಂದು ಸಾಲೂ ಇಲ್ಲ. ಲ್ಯಾಬಿಗೆ ಫೋನ್ ಮಾಡಿದ್ರೆ ಆ ಹುಡುಗ "ಮೇಡಂ ಅಬ್‌ನಾರ್ಮಲ್ ಬಂದಿದೆ, ಡಾಕ್ಟರ್‌ನ ಕೇಳ್ಬೇಕು ನೀವು" ಅಂತ ಇಟ್ಬಿಟ್ಟ. ಅವನ ತಪ್ಪಲ್ಲ, ಅವನಿಗೆ ಅಷ್ಟೇ ಹೇಳಿಕೊಟ್ಟಿರ್ತಾರೆ. ಆದ್ರೆ ಒಬ್ಬ ಹೆಂಗಸಿಗೆ ಇಂಥ ಪದ ಕಳಿಸೋವಾಗ ಜೊತೆಗೆ ಎರಡು ಸಾಲು ವಿವರಣೆ ಬರೀಬೇಕು ಅಂತ ಇವತ್ತಿಗೂ ನನಗೆ ಅನ್ನಿಸುತ್ತೆ.

ಹೂ ತಗೊಂಡೆನಾ ಇಲ್ವಾ ನೆನಪೇ ಇಲ್ಲ. ಮನೆಗೆ ಬಂದು ನೋಡಿದ್ರೆ ಚೀಲದಲ್ಲಿ ಇತ್ತು.

ಶುಕ್ರವಾರ ಹಬ್ಬ ಆಯ್ತು. ಯಾರಿಗೂ ಹೇಳಿರಲಿಲ್ಲ, ನಮ್ಮನೆಯವರಿಗೂ. ಸಂಜೆ ಅರಿಶಿನ ಕುಂಕುಮಕ್ಕೆ ಅಕ್ಕಪಕ್ಕದವರು, ಓರಗಿತ್ತಿ, ಅತ್ತೆ ಕಡೆಯವರು ಎಲ್ಲ ಸೇರಿ ಒಂದು ಮೂವತ್ತು ಜನ ಹೆಂಗಸರು ಬಂದಿರಬಹುದು, ಮೂವತ್ತು ವರ್ಷದವರಿಂದ ಅರವತ್ತೈದರವರೆಗೆ. ತಾಂಬೂಲದ ತಟ್ಟೆ ಹಿಡ್ಕೊಂಡು ಒಬ್ಬೊಬ್ಬರ ಮುಂದೆ ನಿಂತಾಗಲೂ ಒಂದೇ ಯೋಚನೆ, ಇವರಲ್ಲಿ ಯಾರಾದ್ರೂ ಈ ಟೆಸ್ಟ್ ಮಾಡಿಸಿದ್ದಾರಾ, ಮಾಡಿಸಿದ್ರೆ ಕೇಳಬಹುದಿತ್ತಲ್ಲ ಅಂತ. ಆಮೇಲೆ ಓದಿದಾಗ ಗೊತ್ತಾಯ್ತು, 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ನಮ್ಮ ದೇಶದಲ್ಲಿ 30ರಿಂದ 49 ವರ್ಷದ ಹೆಂಗಸರಲ್ಲಿ ಒಂದು ಸಲವಾದ್ರೂ ಗರ್ಭಕೋಶದ ಬಾಯಿ ಕ್ಯಾನ್ಸರ್ ಟೆಸ್ಟ್ ಮಾಡಿಸಿರೋರು ಶೇಕಡ 1.9 ಮಾತ್ರ. ನೂರು ಜನಕ್ಕೆ ಇಬ್ಬರು ಕೂಡ ಪೂರ್ತಿ ಇಲ್ಲ. ನಮ್ಮ ಹಾಲಲ್ಲಿ ಕೂತಿದ್ದ ಮೂವತ್ತು ಜನರಲ್ಲಿ ಕೇಳೋಕೆ ಯಾರೂ ಸಿಗದೇ ಇದ್ದಿದ್ರೆ ಆಶ್ಚರ್ಯ ಇರಲಿಲ್ಲ. ನಾನೂ 42ಕ್ಕೆ ಮೊದಲನೇ ಸಲ ಮಾಡಿಸಿದ್ದು, ಅದೂ ಪ್ಯಾಕೇಜಲ್ಲಿ ಇತ್ತು ಅಂತ.

ಹಬ್ಬ ಮುಗಿದ ಮಾರನೇ ದಿನ ಮನೆ ಹತ್ತಿರದ ಒಂದು ನರ್ಸಿಂಗ್ ಹೋಮಿಗೆ ಹೋದೆ. ಅಲ್ಲಿ ಆದದ್ದನ್ನ ಬರೀಲೇಬೇಕು, ಯಾಕಂದ್ರೆ ಇದು ನನಗೊಬ್ಬಳಿಗೇ ಆಗೋದಲ್ಲ. ಡಾಕ್ಟರ್ ರಿಪೋರ್ಟ್ ನೋಡಿದ್ರು, ಒಳಗೆ ಪರೀಕ್ಷೆ ಮಾಡ್ಲಿಲ್ಲ, ಬೇರೆ ಟೆಸ್ಟ್ ಬರೀಲಿಲ್ಲ, "ಎರಡು ಮಕ್ಕಳಾಗಿದಾವಲ್ಲ, ಇನ್ನೇನು ಬೇಕು, ಗರ್ಭಕೋಶ ತೆಗೆಸಿಬಿಡಿ, ಆಮೇಲೆ ಟೆನ್ಷನ್ನೇ ಇರಲ್ಲ" ಅಂದ್ರು. ಹೊರಗೆ ಬರೋವಷ್ಟರಲ್ಲಿ ಕೌಂಟರಲ್ಲಿ ಎಸ್ಟಿಮೇಟ್ ರೆಡಿ ಮಾಡಿದ್ರು, ರೂಮ್ ಚಾರ್ಜು, ಓಟಿ ಚಾರ್ಜು, ಎಷ್ಟು ದಿನ ಇರಬೇಕು, ಇನ್ಶೂರೆನ್ಸ್ ಇದೆಯಾ. ಆ ಹಾಳೆ ಕೈಯಲ್ಲಿ ಹಿಡ್ಕೊಂಡು ಆಟೋದಲ್ಲಿ ಕೂತಾಗ ನಿಜ ಹೇಳ್ತೀನಿ, ಒಪ್ಕೊಂಡುಬಿಡೋಣ ಅನ್ನಿಸಿತ್ತು. ಭಯ ಅಂದ್ರೆ ಹಾಗೇ, ಯಾರು ಬೇಗ ಮುಗಿಸ್ತೀವಿ ಅಂತಾರೋ ಅವರ ಹಿಂದೆ ಹೋಗ್ಬಿಡೋಣ ಅನ್ಸುತ್ತೆ.

ಅವತ್ತು ರಾತ್ರಿ ನಮ್ಮನೆಯವರಿಗೆ ಹೇಳಿದೆ. ಅವರು ಒಂದು ಹತ್ತು ನಿಮಿಷ ಸುಮ್ನಿದ್ದು "ಇನ್ನೊಬ್ಬ ಡಾಕ್ಟರ್‌ನ ನೋಡೋಣ, ಅಂಗಡೀಲಿ ಸೀರೆ ತಗೊಳ್ಳೋಕೇ ನಾಲ್ಕು ಕಡೆ ನೋಡ್ತೀವಿ" ಅಂದ್ರು. ಆಫೀಸಲ್ಲಿ ಒಬ್ಬರು ಜಯನಗರದಲ್ಲಿ ಒಬ್ಬ ವಯಸ್ಸಾದ ಲೇಡಿ ಡಾಕ್ಟರ್ ಇದಾರೆ, ಟೈಮ್ ಕೊಟ್ಟು ಮಾತಾಡ್ತಾರೆ ಅಂದಿದ್ರು. ಅಲ್ಲಿಗೆ ಹೋದ್ವಿ.

ಅವರು ರಿಪೋರ್ಟ್ ಓದಿ ಮೊದಲು ಕೇಳಿದ್ದು "ನಿಮಗೆ ಇದನ್ನ ಯಾರಾದ್ರೂ ಅರ್ಥ ಮಾಡಿಸಿದ್ರಾ?" ಅಂತ. ಇಲ್ಲ ಅಂದೆ. ಆಗ ಅವರು ಹೇಳಿದ್ದು ನನಗೆ ಈಗಲೂ ಅಕ್ಷರ ಅಕ್ಷರ ನೆನಪಿದೆ. "ನೋಡಮ್ಮ, ಪ್ಯಾಪ್ ಅಂದ್ರೆ ಜರಡಿ. ಹಿಟ್ಟು ಜರಡಿ ಹಿಡೀತೀರಲ್ಲ, ಜರಡಿ ಮೇಲೆ ಉಳಿದಿದ್ದೆಲ್ಲ ಹುಳ ಅಲ್ಲ, ತರಿನೂ ಇರುತ್ತೆ, ಹೊಟ್ಟೂ ಇರುತ್ತೆ. ಹುಳಾನೋ ತರಿನೋ ಅಂತ ಬೆಳಕಿಗೆ ಹಿಡಿದು ನೋಡ್ಬೇಕು. ಆ ಬೆಳಕೇ ಕಾಲ್ಪೋಸ್ಕೋಪಿ. ನೋಡೋದಕ್ಕೂ ಮುಂಚೆ ಡಬ್ಬಾನೇ ಎಸೀತಾರಾ ಯಾರಾದ್ರೂ?"

ಪ್ಯಾಪಲ್ಲಿ ಮಾಡೋದು ಇಷ್ಟೇ, ಗರ್ಭಕೋಶದ ಬಾಯಿಯಿಂದ ಸಣ್ಣ ಬ್ರಷ್ಷಲ್ಲಿ ಒಂದಷ್ಟು ಜೀವಕೋಶ ಉಜ್ಜಿ ತೆಗೆದು ಮೈಕ್ರೋಸ್ಕೋಪಲ್ಲಿ ನೋಡ್ತಾರೆ. ಅದು ರೋಗ ಇದೆ ಅಂತ ಹೇಳೋ ಟೆಸ್ಟ್ ಅಲ್ಲ, ಯಾರನ್ನ ಇನ್ನೂ ಹತ್ತಿರದಿಂದ ನೋಡ್ಬೇಕು ಅಂತ ಆರಿಸೋ ಟೆಸ್ಟ್. ರಿಪೋರ್ಟಲ್ಲಿ ಮೇಲೆ ಬೆಥೆಸ್ಡಾ ಸಿಸ್ಟಮ್ ಅಂತ ಇರುತ್ತಲ್ಲ, ಬೆಥೆಸ್ಡಾ ಅನ್ನೋದು ಅಮೆರಿಕದ ಮೇರಿಲ್ಯಾಂಡಲ್ಲಿ ಇರೋ ಒಂದು ಊರು, 1988ರಲ್ಲಿ ಅಲ್ಲಿ ಡಾಕ್ಟರುಗಳು ಸೇರಿ, ಒಂದೊಂದು ಲ್ಯಾಬು ಒಂದೊಂದು ಥರ ಬರೆಯೋದು ಬೇಡ, ಎಲ್ಲರೂ ಒಂದೇ ಪದ ಬಳಸೋಣ ಅಂತ ಮಾಡ್ಕೊಂಡ ಪದ್ಧತಿ. ಅದಕ್ಕೇ ನಿಮ್ಮ ರಿಪೋರ್ಟಲ್ಲಿ "ಅಬ್‌ನಾರ್ಮಲ್" ಅನ್ನೋದನ್ನ ನೋಡಿ ಕೂರಬೇಡಿ, ಅದರ ಕೆಳಗೆ ಯಾವ ಪದ ಇದೆ ನೋಡಿ. ಎಲ್ಲ ಇರೋದು ಅಲ್ಲೇ.

ಎನ್‌ಐಎಲ್‌ಎಂ ಅಂತಿದ್ರೆ ಕ್ಯಾನ್ಸರ್ ಕಡೆಗೆ ಹೋಗೋ ಬದಲಾವಣೆ ಏನೂ ಕಾಣ್ಲಿಲ್ಲ ಅಂತ. ಅದರ ಜೊತೆ ಇನ್‌ಫ್ಲಮೇಟರಿ ಸ್ಮಿಯರ್ ಅಂತಲೂ ಬಹಳ ಜನಕ್ಕೆ ಬಂದಿರುತ್ತೆ, ಅದು ಸೋಂಕೋ ಉರಿಯೋ ಇದ್ರೆ ಬರೋದು, ಬಿಳಿ ಜಾಸ್ತಿ ಹೋಗ್ತಿದ್ರೆ ಅದಕ್ಕೆ ಔಷಧಿ ಕೊಡ್ತಾರೆ, ಅದನ್ನ ಕ್ಯಾನ್ಸರ್ ಅಂದ್ಕೊಂಡು ನಿದ್ದೆ ಬಿಡಬೇಡಿ. ಅನ್‌ಸ್ಯಾಟಿಸ್ಫ್ಯಾಕ್ಟರಿ ಅಂತಿದ್ರೆ ಸ್ಯಾಂಪಲ್ ಸರಿಯಾಗಿ ಬರ್ಲಿಲ್ಲ, ಎರಡರಿಂದ ನಾಲ್ಕು ತಿಂಗಳೊಳಗೆ ಮತ್ತೆ ಕೊಡಿ ಅಂತ ಅರ್ಥ, ಬಹಳ ಜನ ಇದನ್ನ "ಏನೂ ಇಲ್ಲ" ಅಂತ ತಿಳ್ಕೊಂಡು ಬಿಟ್ಬಿಡ್ತಾರೆ, ಬಿಡಬಾರದು. ಆಸ್ಕಸ್ ಅಂದ್ರೆ ಜೀವಕೋಶ ಸ್ವಲ್ಪ ಬೇರೆ ಥರ ಇದೆ ಆದ್ರೆ ಯಾಕೆ ಅಂತ ಗಟ್ಟಿಯಾಗಿ ಹೇಳೋಕಾಗಲ್ಲ ಅಂತ, ಅಬ್‌ನಾರ್ಮಲ್ ರಿಪೋರ್ಟ್‌ಗಳಲ್ಲಿ ಅತಿ ಹೆಚ್ಚು ಬರೋದು ಇದೇ. ಆಗ ಎಚ್‌ಪಿವಿ ಅಂತ, ಈ ಕ್ಯಾನ್ಸರಿಗೆ ಕಾರಣವಾಗೋ ವೈರಸ್ ಇದೆಯಾ ಅಂತ ನೋಡೋ ಟೆಸ್ಟ್ ಮಾಡಿಸ್ತಾರೆ, ಅದು ನೆಗೆಟಿವ್ ಬಂದ್ರೆ ಹೆಚ್ಚೂಕಮ್ಮಿ ನಿರಾಳ. ನನಗೆ ಬಂದಿದ್ದು ಎಲ್‌ಎಸ್‌ಐಎಲ್, ಸಣ್ಣ ಮಟ್ಟದ ಬದಲಾವಣೆ, ಬಹುಪಾಲು ಎಚ್‌ಪಿವಿ ವೈರಸ್ ಈಗ ಕೆಲಸ ಮಾಡ್ತಿರೋ ಗುರುತು. ಎಚ್‌ಎಸ್‌ಐಎಲ್ ಅಥವಾ ಆಸ್ಕ್-ಎಚ್ ಅಂತ ಬಂದ್ರೆ ಮಾತ್ರ ತಡ ಮಾಡೋ ಹಾಗಿಲ್ಲ, ಅದು ದೊಡ್ಡ ಮಟ್ಟದ ಬದಲಾವಣೆ ಇರಬಹುದು ಅಂತ, ಅದೂ ಕ್ಯಾನ್ಸರ್ ಅಂತಲ್ಲ, ಆದ್ರೆ ಕಾಲ್ಪೋಸ್ಕೋಪಿ ಆಗಲೇಬೇಕು. ಎಜಿಸಿ ಅಂತ ಇನ್ನೊಂದಿದೆ, ಅಪರೂಪ, ಗರ್ಭಕೋಶದ ಬಾಯಿಯ ಒಳಭಾಗದ ಅಥವಾ ಗರ್ಭಕೋಶದ್ದೇ ಗ್ರಂಥಿಗಳ ಜೀವಕೋಶಕ್ಕೆ ಸಂಬಂಧಪಟ್ಟಿದ್ದು, ಅದನ್ನ ಡಾಕ್ಟರುಗಳು ಸೀರಿಯಸ್ಸಾಗೇ ತಗೋತಾರೆ, 35 ದಾಟಿದವರಿಗೆ ಗರ್ಭಕೋಶದ ಒಳಪದರದ ಸ್ಯಾಂಪಲ್ಲೂ ತೆಗೀತಾರೆ.

ಈಗ ಎಚ್‌ಪಿವಿ. ಈ ಮೂರಕ್ಷರದ ವಿಷಯದಲ್ಲೇ ನಮ್ಮ ಮನೆಗಳಲ್ಲಿ ನಿಜವಾದ ಕಷ್ಟ ಶುರುವಾಗೋದು.

ಡಾಕ್ಟರ್ ನನಗೆ ಎಚ್‌ಪಿವಿ ಟೆಸ್ಟೂ ಬರೆದ್ರು, ಪಾಸಿಟಿವ್ ಬಂತು. 16 ಮತ್ತು 18 ಅನ್ನೋ ಎರಡು ಟೈಪ್ ನೆಗೆಟಿವ್, ಬೇರೆ ಹೈ ರಿಸ್ಕ್ ಟೈಪ್ ಪಾಸಿಟಿವ್. ಗರ್ಭಕೋಶದ ಬಾಯಿ ಕ್ಯಾನ್ಸರಲ್ಲಿ ಸುಮಾರು ಶೇಕಡ 70ಕ್ಕೆ ಆ 16, 18 ಟೈಪುಗಳೇ ಕಾರಣ, ಹಾಗಾಗಿ ಅವು ಇಲ್ಲ ಅನ್ನೋದು ಸಮಾಧಾನದ ವಿಷಯ. ಆದ್ರೆ ಇದು ಹೇಗೆ ಬರುತ್ತೆ ಅಂದ್ರೆ ಲೈಂಗಿಕ ಸಂಪರ್ಕದಿಂದ. ಆ ಮಾತು ಕಿವಿಗೆ ಬಿದ್ದ ತಕ್ಷಣ ನನ್ನ ಹೊಟ್ಟೆ ತಣ್ಣಗಾಯ್ತು. ಪಕ್ಕದಲ್ಲಿ ನಮ್ಮನೆಯವರು ಕೂತಿದಾರೆ. ನಾನು ಅವರ ಮುಖ ನೋಡ್ಲಿಲ್ಲ, ಅವರು ನನ್ನ ಮುಖ ನೋಡ್ಲಿಲ್ಲ. ಹದಿನೇಳು ವರ್ಷದ ಸಂಸಾರ. ಇಬ್ಬರ ತಲೇಲೂ ಓಡ್ತಿದ್ದಿದ್ದು ಒಂದೇ ಪ್ರಶ್ನೆ, ಎಲ್ಲಿಂದ ಬಂತು, ಯಾರಿಂದ ಬಂತು.

ಡಾಕ್ಟರ್‌ಗೆ ಇದು ಗೊತ್ತಿತ್ತು ಅನ್ಸುತ್ತೆ, ನಾವು ಕೇಳೋಕೂ ಮುಂಚೆ ಅವರೇ ಹೇಳಿದ್ರು. ಲೈಂಗಿಕ ಜೀವನ ಇರೋ ಹೆಚ್ಚಿನವರಿಗೆ ಜೀವನದಲ್ಲಿ ಒಂದಲ್ಲ ಒಂದು ಸಲ ಎಚ್‌ಪಿವಿ ತಗುಲಿರುತ್ತೆ, ಗಂಡಸರಿಗೂ ಹೆಂಗಸರಿಗೂ. ಹತ್ತರಲ್ಲಿ ಒಂಬತ್ತು ಜನಕ್ಕೆ ಎರಡು ವರ್ಷದೊಳಗೆ ಮೈಯೇ ಅದನ್ನ ಓಡಿಸಿಬಿಡುತ್ತೆ, ಬಂದಿದ್ದೂ ಗೊತ್ತಾಗಲ್ಲ ಹೋಗಿದ್ದೂ ಗೊತ್ತಾಗಲ್ಲ. ಕೆಲವರಲ್ಲಿ ಎಷ್ಟೋ ವರ್ಷ ಸದ್ದಿಲ್ಲದೆ ಕೂತಿದ್ದು ಆಮೇಲೆ ಟೆಸ್ಟಲ್ಲಿ ಕಾಣಿಸ್ಕೊಳ್ಳುತ್ತೆ. ಇವತ್ತು ಪಾಸಿಟಿವ್ ಬಂತು ಅಂದ್ರೆ ಹೋದ ತಿಂಗಳು ಬಂದಿದ್ದೋ ಇಪ್ಪತ್ತು ವರ್ಷದ ಹಿಂದೆ ಬಂದಿದ್ದೋ ಹೇಳೋ ಟೆಸ್ಟ್ ಪ್ರಪಂಚದಲ್ಲೇ ಇಲ್ಲ. "ಇದರಿಂದ ಯಾರ ನಡತೆನೂ ಅಳೆಯೋಕಾಗಲ್ಲ, ಅಳೆಯೋಕೆ ಹೋಗ್ಲೂಬೇಡಿ" ಅಂದ್ರು. ನಮ್ಮನೆಯವರು ಮೆಲ್ಲಗೆ "ನಾನೂ ಟೆಸ್ಟ್ ಮಾಡಿಸ್ಬೇಕಾ ಡಾಕ್ಟ್ರೇ" ಅಂತ ಕೇಳಿದ್ರು. ಗಂಡಸರಿಗೆ ಹಾಗೆ ಮಾಡೋ ಮಾನ್ಯತೆ ಇರೋ ಸಾಮಾನ್ಯ ಟೆಸ್ಟ್ ಇಲ್ಲವಂತೆ. ಸಿಗರೇಟ್ ಸೇದೋರು ಮನೇಲಿದ್ರೆ ಬಿಡಿ, ಹೆಂಗಸರೇ ಸೇದೋದಾದ್ರಂತೂ ಬಿಡಲೇಬೇಕು, ವೈರಸ್ ಹೋಗದೆ ಉಳ್ಕೊಳ್ಳೋಕೆ ಅದೂ ಒಂದು ಕಾರಣ ಅಂದ್ರು.

ವಾಪಸ್ ಬರ್ತಾ ಮೆಟ್ರೋದಲ್ಲಿ ಬನಶಂಕರಿ ಬರೋವರೆಗೂ ಇಬ್ಬರೂ ಮಾತಾಡ್ಲಿಲ್ಲ. ಸ್ಟೇಷನ್ ಮೆಟ್ಲು ಇಳೀವಾಗ ಅವರು ನನ್ನ ಬ್ಯಾಗ್ ತಗೊಂಡು ತಮ್ಮ ಹೆಗಲಿಗೆ ಹಾಕ್ಕೊಂಡ್ರು. ಅಷ್ಟೇ. ನನಗೆ ಅಷ್ಟು ಸಾಕಾಗಿತ್ತು. ಆದ್ರೆ ಎಷ್ಟು ಮನೇಲಿ ಹೀಗಾಗಲ್ಲ ಅನ್ನೋದೂ ಗೊತ್ತು, ಅನುಮಾನಕ್ಕೆ ಹೆದರಿಯೇ ರಿಪೋರ್ಟನ್ನ ಬೀರುವಿನಲ್ಲಿ ಸೀರೆ ಅಡಿಗೆ ತಳ್ಳಿಬಿಡೋ ಹೆಂಗಸರಿದಾರೆ. ಅವರಿಗೋಸ್ಕರವೇ ಇದನ್ನ ಇಷ್ಟು ಬಿಡಿಸಿ ಬರೀತಿದೀನಿ. ಈ ವೈರಸ್ಸಿಗೂ ಈ ಕ್ಯಾನ್ಸರಿಗೂ ಇರೋ ನಂಟನ್ನ ಕಂಡುಹಿಡಿದಿದ್ದು ಜರ್ಮನಿಯ ಹರಾಲ್ಡ್ ಜುರ್ ಹೌಸೆನ್, ಅದಕ್ಕೆ 2008ರಲ್ಲಿ ನೊಬೆಲ್ ಬಂತು. ಅಷ್ಟು ದೊಡ್ಡ ವಿಷಯ ಗೊತ್ತಾಗಿದ್ದು ಹೆಂಗಸರು ಉಳ್ಕೊಳ್ಳಲಿ ಅಂತ, ಗಂಡ ಹೆಂಡತಿ ಜಗಳ ಆಡ್ಲಿ ಅಂತಲ್ಲ.

ಕಾಲ್ಪೋಸ್ಕೋಪಿಗೆ ಆಪರೇಷನ್ ಥರ ಇರುತ್ತೆ ಅಂದ್ಕೊಂಡು ಹೋಗಿದ್ದೆ. ಏನಿಲ್ಲ, ಪ್ಯಾಪಿಗೆ ಮಲಗೋ ಹಾಗೇ ಕಾಲು ಮಡಿಸಿ ಮಲಗಬೇಕು, ಒಳಗೆ ಅಗಲಿಸಿ ಹಿಡಿಯೋ ಅದೇ ತಣ್ಣಗಿನ ಸ್ಪೆಕ್ಯುಲಮ್, ಆಮೇಲೆ ಹೊರಗಡೆ ನಿಲ್ಲಿಸಿರೋ ಒಂದು ದೊಡ್ಡ ಭೂತಗನ್ನಡಿ ಥರದ್ದು, ಅದು ಒಳಗೆ ಹೋಗಲ್ಲ. ಪಕ್ಕದಲ್ಲಿ ಟೀವಿ ಥರ ಸ್ಕ್ರೀನ್ ಇತ್ತು. "ನೋಡ್ತೀರಾ?" ಅಂದ್ರು. ನೋಡ್ದೆ. ನನ್ನ ಎರಡು ಮಕ್ಕಳು ಹೊರಗೆ ಬಂದ ಬಾಗಿಲು, ನಲವತ್ತೆರಡು ವರ್ಷಕ್ಕೆ ಮೊದಲನೇ ಸಲ ನೋಡಿದ್ದು. ಗುಲಾಬಿ ಬಣ್ಣ, ಒದ್ದೆ, ದುಂಡಗೆ, ಮಧ್ಯದಲ್ಲಿ ಒಂದು ಸಣ್ಣ ಗೆರೆ. ಆಮೇಲೆ ಹತ್ತಿ ಉಂಡೇಲಿ ಏನೋ ಹಚ್ಚಿದ್ರು, ಉಪ್ಪಿನಕಾಯಿ ಭರಣಿ ತೆಗೆದ ಹಾಗೆ ವಾಸನೆ ಬಂತು. ವಿನೆಗರ್. ನಿಜವಾಗ್ಲೂ ಅದೇ, ಅಸಿಟಿಕ್ ಆಸಿಡ್, ಶೇಕಡ 3ರಿಂದ 5ರಷ್ಟು ತೆಳ್ಳಗೆ ಮಾಡಿದ್ದು. ಸ್ವಲ್ಪ ಚುರ್ ಅಂತು. ಒಂದು ನಿಮಿಷ ಕಾದ್ವಿ. ಆ ಗುಲಾಬಿ ಮೇಲೆ ಬಾಯಿಯ ಮೇಲಂಚಲ್ಲಿ ಒಂದು ಕಡೆ ಮೆಲ್ಲಗೆ ಬೆಳ್ಳಗೆ ಮೂಡಿತು, ಕಾದ ಹಾಲಿನ ಮೇಲೆ ಕೆನೆ ಕಟ್ಟೋ ಹಾಗೆ, ತೆಳ್ಳಗೆ, ಅಂಚು ಸರಿಯಾಗಿಲ್ಲದ್ದು. ಬದಲಾದ ಜೀವಕೋಶಗಳಲ್ಲಿ ನ್ಯೂಕ್ಲಿಯಸ್ ದೊಡ್ಡದಿರುತ್ತೆ, ಪ್ರೋಟೀನ್ ಜಾಸ್ತಿ, ವಿನೆಗರ್ ತಗುಲಿದ್ರೆ ಅದು ಹೆಪ್ಪುಗಟ್ಟಿ ಸ್ವಲ್ಪ ಹೊತ್ತು ಬೆಳ್ಳಗೆ ಕಾಣ್ಸುತ್ತೆ ಅಂತ ವಿವರಿಸಿದ್ರು. ಬಿಳಿ ಎಷ್ಟು ದಟ್ಟ, ಅಂಚು ಹೇಗಿದೆ, ರಕ್ತನಾಳ ಹೇಗೆ ಕಾಣ್ತಿದೆ ಅಂತೆಲ್ಲ ನೋಡಿ ಅಂದಾಜು ಮಾಡ್ತಾರಂತೆ. ನಂದು ತೆಳುವಾದ ಬಿಳಿ. ಆಮೇಲೆ ಅಯೋಡಿನ್ ಹಚ್ಚಿದ್ರು, ಸುತ್ತ ಎಲ್ಲ ಕಂದು ಬಣ್ಣಕ್ಕೆ ತಿರುಗಿದ್ರೂ ಆ ಜಾಗ ಮಾತ್ರ ಹಳದಿಯಾಗೇ ಉಳೀತು. ಅಲ್ಲಿಂದ ಅಕ್ಕಿಕಾಳಿನಷ್ಟು ತುಂಡು ತೆಗೆದ್ರು, ಅದೇ ಬಯಾಪ್ಸಿ. ಚಿವುಟಿದ ಹಾಗಾಯ್ತು, ಕೆಳಹೊಟ್ಟೆ ಒಂದ್ಸಲ ಹಿಡ್ಕೊಂಡು ಬಿಡ್ತು. ರಕ್ತ ನಿಲ್ಲೋಕೆ ಒಂದು ಔಷಧಿ ಹಚ್ಚಿದ್ರು, ಅದರಿಂದ ಎರಡು ಮೂರು ದಿನ ಫಿಲ್ಟರಲ್ಲಿ ಉಳಿಯೋ ಕಾಫಿಪುಡಿ ಥರ ಕಪ್ಪಗೆ ಹೋಗುತ್ತೆ, ಗಾಬರಿ ಬೀಳಬೇಡಿ ಅಂತ ಮೊದಲೇ ಹೇಳಿದ್ರು. ಹೇಳದೇ ಇದ್ದಿದ್ರೆ ನಾನು ಅವತ್ತು ರಾತ್ರಿ ಎಮರ್ಜೆನ್ಸಿಗೆ ಓಡ್ತಿದ್ದೆ.

ಬಯಾಪ್ಸಿ ರಿಪೋರ್ಟ್: ಸಿಐಎನ್ 1, ಅಂದ್ರೆ ಮೂರು ಮಟ್ಟದಲ್ಲಿ ಅತಿ ಸಣ್ಣದು. ಇಲ್ಲಿ ಗೊಂದಲ ಮಾಡ್ಕೋಬೇಡಿ, ಎಲ್‌ಎಸ್‌ಐಎಲ್, ಎಚ್‌ಎಸ್‌ಐಎಲ್ ಅಂತ ಪ್ಯಾಪಲ್ಲಿ ಬರೋದು ಬ್ರಷ್ಷಲ್ಲಿ ಬಂದ ಜೀವಕೋಶ ನೋಡಿ ಹೇಳಿದ್ದು, ಸಿಐಎನ್ 1, 2, 3 ಅನ್ನೋದು ತುಂಡನ್ನೇ ನೋಡಿ ಹೇಳಿದ್ದು, ಎರಡನೇದೇ ಗಟ್ಟಿ ಮಾತು. ಕೆಲವು ಲ್ಯಾಬು ತುಂಡಿನ ರಿಪೋರ್ಟಲ್ಲೂ ಎಲ್‌ಎಸ್‌ಐಎಲ್ ಅಂತಲೇ ಬರೀತಾರೆ, ಆಗ ಡಾಕ್ಟರ್‌ನ ಕೇಳಿ. ಸಿಐಎನ್ 1ರಲ್ಲಿ ಅರ್ಧಕ್ಕಿಂತ ಹೆಚ್ಚು ತಾನಾಗೇ ಹೋಗಿಬಿಡುತ್ತೆ. ಅದಕ್ಕೆ ಆಪರೇಷನ್ ಇರಲಿ, ಮಾತ್ರೆ ಕೂಡ ಇಲ್ಲ, ಒಂದು ವರ್ಷ ಬಿಟ್ಟು ಮತ್ತೆ ಟೆಸ್ಟ್. ಅದಕ್ಕೆ ಗರ್ಭಕೋಶನೇ ತೆಗೀತೀವಿ ಅಂದಿದ್ರು! ಆ ಎಸ್ಟಿಮೇಟ್ ಹಾಳೆ ಇನ್ನೂ ಇಟ್ಟಿದೀನಿ, ನೋಡಿದಾಗೆಲ್ಲ ಸಿಟ್ಟು ಬರುತ್ತೆ, ನನಗೋಸ್ಕರ ಅಲ್ಲ, ಅದನ್ನ ನಂಬಿ ಟೇಬಲ್ ಮೇಲೆ ಮಲಗಿರೋ ಹೆಂಗಸರನ್ನ ನೆನೆಸ್ಕೊಂಡು. ಸಿಐಎನ್ 2, 3 ಇದ್ರೂ ಸಾಮಾನ್ಯವಾಗಿ ಮೊದಲು ಮಾಡೋದು ಆ ಜಾಗ ಮಾತ್ರ ತೆಗೆಯೋದು ಅಥವಾ ಸುಡೋದು. ನನ್ನ ಕೊಲೀಗ್ ಒಬ್ಬಳಿಗೆ ಎಚ್‌ಎಸ್‌ಐಎಲ್ ಬಂದು, ಬಯಾಪ್ಸೀಲಿ ಸಿಐಎನ್ 3 ಅಂತಾಗಿ, ಲೀಪ್ ಮಾಡಿದ್ರು, ಕರೆಂಟ್ ಹರಿಯೋ ತೆಳ್ಳನೆ ತಂತಿ ಬಳೇಲಿ ಆ ಭಾಗ ಕತ್ತರಿಸಿ ತೆಗೆಯೋದು. ಮರಗಟ್ಟಿಸೋ ಇಂಜೆಕ್ಷನ್ ಅಲ್ಲೇ ಕೊಟ್ಟು ಮಾಡಿದ್ದು, ಅವತ್ತೇ ಮನೆಗೆ ಕಳಿಸಿದ್ರು, ಸೋಮವಾರ ಆಫೀಸಿಗೆ ಬಂದಿದ್ಲು. ಮುಂದೆ ಮಗು ಬೇಕು ಅನ್ನೋರು ಮಾತ್ರ ಅದನ್ನ ಡಾಕ್ಟರ್ ಹತ್ರ ಮೊದಲೇ ಹೇಳ್ಬೇಕು, ಜಾಸ್ತಿ ಭಾಗ ತೆಗೆದ್ರೆ ದಿನ ತುಂಬೋಕೆ ಮುಂಚೆ ಹೆರಿಗೆಯಾಗೋ ಸಾಧ್ಯತೆ ಸ್ವಲ್ಪ ಹೆಚ್ಚುತ್ತೆ.

ಬಿಟ್ಟುಬಿಟ್ರೆ ಏನಾಗುತ್ತೆ ಅಂತಲೂ ಹೇಳ್ಬೇಕು. ಎಚ್‌ಪಿವಿ ಬಂದು ಕ್ಯಾನ್ಸರ್ ಆಗೋಕೆ ಸಾಮಾನ್ಯವಾಗಿ 15ರಿಂದ 20 ವರ್ಷ ಹಿಡಿಯುತ್ತೆ. ಅಷ್ಟು ಟೈಮ್ ಕೊಡೋ ಕ್ಯಾನ್ಸರ್ ಬೇರೆ ಯಾವುದಿದೆ ಹೇಳಿ. ಅಷ್ಟು ಟೈಮ್ ಇದ್ದೂ 2022ರ ಅಂದಾಜಲ್ಲಿ ನಮ್ಮ ದೇಶದಲ್ಲಿ ಒಂದೇ ವರ್ಷದಲ್ಲಿ ಸುಮಾರು 1 ಲಕ್ಷ 27 ಸಾವಿರ ಹೆಂಗಸರಿಗೆ ಇದು ಬಂದಿದೆ, ಸುಮಾರು 80 ಸಾವಿರ ಜನ ಸತ್ತಿದಾರೆ. ಇದನ್ನ ಓದಿದ ದಿನ ನಾನು ಅಡುಗೆ ಮನೇಲಿ ನಿಂತು ಅತ್ತಿದೀನಿ.

ಬೆಂಗಳೂರಲ್ಲಿ "ಕಿದ್ವಾಯಿ" ಅಂದ್ರೇ ಸಾಕು, ಕ್ಯಾನ್ಸರ್ ಆಸ್ಪತ್ರೆಯಲ್ವಾ, ಜನ ದನಿ ತಗ್ಗಿಸ್ತಾರೆ. ನಮ್ಮನೆ ಕೆಲಸಕ್ಕೆ ಬರೋ ಅಕ್ಕನಿಗೆ ಟೆಸ್ಟ್ ಮಾಡಿಸ್ಕೋ ಅಂದಾಗ ಅವಳು ಮೊದಲು ಕೇಳಿದ್ದು "ಕಿದ್ವಾಯಿಗೆ ಹೋಗ್ಬೇಕಾ ಅಕ್ಕ, ನಂಗೇನಾಗಿದೆ?" ಅಂತ. ಏನೂ ಆಗಿಲ್ಲದಾಗಲೇ ಮಾಡಿಸೋದು ಅಂತ ಹೇಳಿ ಒಪ್ಪಿಸೋಕೆ ಮೂರು ವಾರ ಹಿಡೀತು. ಸರ್ಕಾರದ ಕಾರ್ಯಕ್ರಮದಲ್ಲಿ 30ರಿಂದ 65 ವರ್ಷದವರಿಗೆ ಐದು ವರ್ಷಕ್ಕೊಂದ್ಸಲ ವಿಐಎ ಅಂತ ಮಾಡ್ತಾರೆ, ನನಗೆ ಹಚ್ಚಿದ ಅದೇ ವಿನೆಗರ್, ಮೆಷೀನ್ ಇಲ್ಲದೆ ಬರಿಗಣ್ಣಲ್ಲಿ ನೋಡೋದು, ರಿಸಲ್ಟ್ ಅಲ್ಲೇ. ಮುಂಬೈನಲ್ಲಿ ಟಾಟಾ ಮೆಮೋರಿಯಲ್‌ನವರು ಸ್ಲಮ್ಮಿನ ಹೆಂಗಸರಿಗೆ ವರ್ಷಗಟ್ಟಲೆ ಇದನ್ನೇ ಮಾಡಿ ಈ ಕ್ಯಾನ್ಸರ್ ಸಾವು ಶೇಕಡ 31 ಕಮ್ಮಿಯಾಗಿದ್ದನ್ನ ತೋರಿಸಿದಾರೆ. ನಮ್ಮ ಕೆಲಸದ ಅಕ್ಕನದ್ದು ನೆಗೆಟಿವ್ ಬಂತು. ಇನ್ನೊಂದು ಮಾತು, ಗಂಡನ ಜೊತೆ ಸೇರಿದ ಮೇಲೆ ರಕ್ತ ಕಾಣಿಸಿದ್ರೆ, ಮುಟ್ಟು ನಿಂತು ವರ್ಷ ಆದ ಮೇಲೆ ಮತ್ತೆ ಕಾಣಿಸಿದ್ರೆ, ವಾಸನೆ ಬರೋ ನೀರು ಹೋಗ್ತಿದ್ರೆ ಸ್ಕ್ರೀನಿಂಗ್ ಡೇಟ್ ಕಾಯಬೇಡಿ, ಹಳೇ ಪ್ಯಾಪ್ ನಾರ್ಮಲ್ ಇತ್ತು ಅಂತಲೂ ಸುಮ್ನಿರಬೇಡಿ, ನೇರ ಡಾಕ್ಟರ್‌ಗೆ ತೋರಿಸಿ.

ಮಗಳಿಗೆ 12 ವರ್ಷ, ಎಚ್‌ಪಿವಿ ಲಸಿಕೆ ಎರಡು ಡೋಸ್ ಆರು ತಿಂಗಳ ಅಂತರದಲ್ಲಿ ಹಾಕಿಸಿದ್ವಿ. ಈಗಾಗ್ಲೇ ಇರೋ ಸೋಂಕನ್ನ ಅದು ಹೋಗಿಸಲ್ಲ, ಅದಕ್ಕೇ ಚಿಕ್ಕ ವಯಸ್ಸಲ್ಲೇ ಹಾಕೋದು. ಅತ್ತೆ "ಇಷ್ಟು ಚಿಕ್ಕವಳಿಗೆ ಯಾಕೆ" ಅಂದ್ರು, ನಾನು ನನ್ನ ಬಯಾಪ್ಸಿ ರಿಪೋರ್ಟ್ ತೋರಿಸಿ ಹೇಳ್ದೆ, ಆಮೇಲೆ ಅವರೇ ಮೊಮ್ಮಗಳ ಕೈ ಹಿಡ್ಕೊಂಡು ಕೂತಿದ್ರು.

ಈ ವರ್ಷದ ಟೆಸ್ಟ್ ಹೋದ ತಿಂಗಳು ಆಯ್ತು. ಪ್ಯಾಪ್ ನಾರ್ಮಲ್. ಎಚ್‌ಪಿವಿ ಇನ್ನೂ ಪಾಸಿಟಿವ್. ಪೂರ್ತಿ ಕ್ಲಿಯರ್ ಬರುತ್ತೆ ಅಂತ ಆಸೆ ಇತ್ತು, ಬೇಜಾರಾಯ್ತು, ಎರಡು ದಿನ ಊಟ ಸೇರ್ಲಿಲ್ಲ. ಡಾಕ್ಟರ್ ಮತ್ತೆ ಕಾಲ್ಪೋಸ್ಕೋಪಿ ಮಾಡಿ ನೋಡೋಣ ಅಂದಿದಾರೆ, ವೈರಸ್ ಬಿಡದೆ ಕೂತಿದ್ರೆ ಕಣ್ಣಿಟ್ಟಿರಬೇಕು ಅಂತ. ಮುಂದಿನ ಮಂಗಳವಾರ ಬೆಳಗ್ಗೆ ಹತ್ತೂವರೆಗೆ ಅಪಾಯಿಂಟ್‌ಮೆಂಟ್. ಮೊನ್ನೆ ಓರಗಿತ್ತಿಗೆ ಎಲ್ಲ ಹೇಳ್ದೆ, ಅವಳಿಗೆ 46, ಇವತ್ತಿನವರೆಗೂ ಒಂದ್ಸಲವೂ ಮಾಡಿಸಿಲ್ಲ. ಸ್ವಲ್ಪ ಹೊತ್ತು ಬಟ್ಟೆ ಮಡಿಸ್ತಾ ಕೂತಿದ್ದು, "ಮಂಗಳವಾರ ನನ್ನ ಹೆಸರೂ ಬರೆಸಿಬಿಡೆ, ಇಬ್ಬರೂ ಒಟ್ಟಿಗೇ ಹೋಗೋಣ" ಅಂದ್ಲು. ಬರೆಸಿದೀನಿ, ಹತ್ತು ಮುಕ್ಕಾಲಿಗೆ.